ಎಂಟು ಜನ, ಒಂದು ಹಳೆಯ ಬಾಗಿಲು: ಕೊಡಗಿನಲ್ಲಿ ಮಿನಿಯೇಚರ್ ಆಟದ ಬಳಗ ಕಟ್ಟುವ ಬಗೆ

ನಮ್ಮ ಬಳಗದ ಮೊದಲ ಮೇಜು ಒಂದು ಹಳೆಯ ಬಾಗಿಲು. ಮನೆ ರಿಪೇರಿಯ ಕಾಲಕ್ಕೆ ಕಳಚಿ ಕೊಟ್ಟಿಗೆಯಲ್ಲಿ ಒರಗಿಸಿಟ್ಟಿದ್ದ ಹಲಸಿನ ಹಲಗೆಯ ಬಾಗಿಲು; ಉದ್ದ ಆರಡಿ ಚಿಲ್ಲರೆ, ಅಗಲ ಮೂರಡಿ. ಅದನ್ನು ಎರಡು ಬೆಂಚುಗಳ ಮೇಲೆ ಮಲಗಿಸಿ, ಚಿಲಕದ ತೂತಿಗೆ ಬಟ್ಟೆ ತುರುಕಿ, ಮೇಲೊಂದು ಹಸಿರು ಹೊದಿಕೆ ಹಾಸಿದರೆ ರಣರಂಗ ಸಿದ್ಧ. ಹೊರಗೆ ಜುಲೈ ತಿಂಗಳ ಮಡಿಕೇರಿ ಮಳೆ. ಕರೆಂಟು ಹೋಗಿ ಎರಡು ದಿನವಾಗಿತ್ತು. ಚಾರ್ಜರ್ ದೀಪದ ಬೆಳಕಿನಲ್ಲಿ ನಾಲ್ವರು ಮಂಡಿಯೂರಿ ಕುಳಿತು, ಹೆಬ್ಬೆರಳ ಗೆಣ್ಣಿನಷ್ಟು ಎತ್ತರದ ಗೊಂಬೆಗೆ ಗೋಡೆಯಾಚೆಯ ಇನ್ನೊಂದು ಗೊಂಬೆ ಕಾಣುತ್ತದೆಯೋ ಇಲ್ಲವೋ ಎಂದು ವಾದಿಸುತ್ತಿದ್ದೆವು. ಕಾಫಿ ತಂದ ಅಜ್ಜಿ ಸ್ವಲ್ಪ ಹೊತ್ತು ನೋಡಿ, "ನಿಮಗೆ ಮೊದಲು ಕಣ್ಣು ಕಾಣುತ್ತದೆಯೇ ನೋಡಿಕೊಳ್ಳಿ" ಎಂದು ಲೋಟ ಇಟ್ಟು ಹೋದರು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚದುರಂಗದ ಕಾಯಿಗಳು ತಮ್ಮ ಮನೆಗಳನ್ನು ಬಿಟ್ಟು ಬಯಲಿಗೆ ಇಳಿದರೆ ಹೇಗಿರುತ್ತದೋ ಹಾಗೆ ಇದು. ಮೇಜಿನ ಮೇಲೆ ಗುಡ್ಡ, ಗೋಡೆ, ಮರ, ಸೇತುವೆ ಇರುತ್ತವೆ. ಸಾಮಾನ್ಯವಾಗಿ 28 ಮಿಲಿಮೀಟರ್ ಅಳತೆಯ ಗೊಂಬೆಗಳನ್ನು ಟೇಪಿನಿಂದ ಇಂಚು ಅಳೆದು ನಡೆಸುತ್ತಾರೆ. ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಗೊಂಬೆಗಳನ್ನು ಅಂಟಿಸಿ ಬಣ್ಣ ಹಚ್ಚುವುದು ಆಟಗಾರರದೇ ಕೆಲಸ. 1824ರ ಹೊತ್ತಿಗೆ ಪ್ರಷ್ಯ ಎಂಬ ಹಳೆಯ ಜರ್ಮನ್ ರಾಜ್ಯದ ಸೈನ್ಯಾಧಿಕಾರಿಗಳು ಇಂಥದ್ದೊಂದು ಆಟದಲ್ಲಿ ಯುದ್ಧವಿದ್ಯೆ ಕಲಿಯುತ್ತಿದ್ದರು. 1913ರಲ್ಲಿ ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ಆಟಿಕೆಯ ಸಿಪಾಯಿಗಳಿಗಾಗಿ ನಿಯಮ ಬರೆದು ಪ್ರಕಟಿಸಿದರು. ಇಂದು ಎಲ್ಲರೂ ಹೆಸರು ಕೇಳಿರುವ ವಾರ್‌ಹ್ಯಾಮರ್ 40,000 ಬಂದದ್ದು 1987ರಲ್ಲಿ, ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಯಿಂದ. ಲೈಸೆನ್ಸ್ ವಿನಾಯಿತಿಯ ನಿಜವಾದ ಕೋವಿ ಮನೆಮನೆಯಲ್ಲಿರುವ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ಕೋವಿ ಹಿಡಿದ ಗೊಂಬೆಗಳಿಗೆ ಏನು ಕೆಲಸ ಎಂದು ನೆಂಟರು ಕೇಳುತ್ತಾರೆ. ನಕ್ಕು ಸುಮ್ಮನಾಗಿ.

ನನ್ನ ಮೊದಲ ಬಳಗ ನಾಲ್ಕು ತಿಂಗಳಿಗೆ ಒಡೆಯಿತು

ತಪ್ಪು ನನ್ನದೇ. ಪ್ರತಿ ಗೊಂಬೆಗೂ ಅದರ ಬಲಕ್ಕೆ ತಕ್ಕ ಅಂಕವಿರುತ್ತದೆ; ನನಗೆ ಇಷ್ಟವಿದ್ದದ್ದು ಎರಡೂ ಪಡೆಗಳ ಮೊತ್ತ ಎರಡು ಸಾವಿರ ಅಂಕವಾಗುವ ಸಮಬಲದ ಪಂದ್ಯ. ಹಾಗಾಗಿ ಎಲ್ಲರೂ ಅದನ್ನೇ ಆಡಬೇಕು ಎಂದುಕೊಂಡೆ. ಕಾಲೇಜು ಹುಡುಗನೊಬ್ಬ ತನ್ನ ದಳಪತಿಗೆ ಹೆಸರಿಟ್ಟು, ಅವನ ಊರು, ಸೇಡು, ಕಳೆದುಕೊಂಡ ಕೈ ಎಲ್ಲದರ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದ. ಮೊದಲ ಸುತ್ತಿನಲ್ಲೇ ನನ್ನ ಫಿರಂಗಿ ಆ ದಳಪತಿಯನ್ನು ಉರುಳಿಸಿತು. ನಾನು ಬೀಗಿದೆ. ಹುಡುಗ ಗೊಂಬೆಯನ್ನು ಡಬ್ಬಿಗೆ ಹಾಕಿಕೊಂಡು ಹೋದವನು ಮತ್ತೆ ಬರಲಿಲ್ಲ. ಬಣ್ಣ ಹಚ್ಚುವುದರಲ್ಲಿ ಎತ್ತಿದ ಕೈಯಾಗಿದ್ದ ಇನ್ನೊಬ್ಬರಿಗೆ ಮೂರು ಗಂಟೆ ದಾಳ ಉರುಳಿಸುವುದೇ ಶಿಕ್ಷೆ, ಅವರೂ ನಿಂತರು. ಕೊನೆಗೆ ಉಳಿದವರು ನಾನು ಮತ್ತು ನನ್ನಂಥವನೇ ಇನ್ನೊಬ್ಬ. ಇಬ್ಬರೂ ಗೆಲ್ಲಲೆಂದೇ ಬಂದವರು, ಒಬ್ಬರ ಮುಖ ಒಬ್ಬರಿಗೆ ಬೇಡವಾಯಿತು.

ಬೆಂಗಳೂರಿನಲ್ಲಾಗಿದ್ದರೆ ಆ ಹುಡುಗ ಕಥೆ ಕಟ್ಟಿ ಆಡುವ ಮತ್ತೊಂದು ಗುಂಪನ್ನು ಹುಡುಕಿಕೊಳ್ಳುತ್ತಿದ್ದ. ಇಲ್ಲಿ ಮತ್ತೊಂದು ಗುಂಪು ಎಲ್ಲಿದೆ? ಐದು ತಾಲ್ಲೂಕುಗಳ ಜಿಲ್ಲೆ, ಮಡಿಕೇರಿಯಿಂದ ಕುಶಾಲನಗರಕ್ಕೂ ವಿರಾಜಪೇಟೆಗೂ ತಲಾ ಮೂವತ್ತು ಕಿಲೋಮೀಟರಿನ ಆಸುಪಾಸಿನ ತಿರುವು ರಸ್ತೆ, ಅಷ್ಟರಲ್ಲಿ ಈ ಹುಚ್ಚು ಹತ್ತಿದವರು ಎಂಟೋ ಹತ್ತೋ ಜನ. ದೊಡ್ಡ ಊರಿನ ಬಳಗ ಒಂದೇ ರುಚಿಯ ಮೇಲೆ ನಿಲ್ಲಬಲ್ಲದು. ನಮ್ಮದು ನಾಲ್ಕು ರುಚಿಯವರನ್ನು ಒಂದೇ ಬಾಗಿಲಿನ ಸುತ್ತ ಕೂರಿಸದಿದ್ದರೆ ಬದುಕುವುದಿಲ್ಲ. ಮುಂದೆ ಹೇಳುವುದೆಲ್ಲ ಎರಡನೆಯ ಪ್ರಯತ್ನದಲ್ಲಿ ಕಲಿತದ್ದು.

ಮೊದಲ ಹೆಜ್ಜೆ: ಯಾರು ಯಾಕೆ ಬರುತ್ತಾರೆಂದು ತಿಳಿಯಿರಿ

ಗೆಲ್ಲಲು ಬರುವವರು, ಕಥೆಗಾಗಿ ಬರುವವರು, ಬಣ್ಣ ಮತ್ತು ಕೈಕೆಲಸಕ್ಕಾಗಿ ಬರುವವರು, ಇತಿಹಾಸಕ್ಕಾಗಿ ಬರುವವರು. ಬರೀ ಹರಟೆಗೆ ಬರುವವರೂ ಇದ್ದಾರೆ. ಅವರನ್ನು ಹಗುರವಾಗಿ ಕಾಣಬೇಡಿ, ಪಂದಿಕರಿ ಹೆಚ್ಚಾಗಿ ತರುವವರು ಅವರೇ. "ನಿಮಗೆ ಯಾವ ಬಗೆಯ ಆಟ ಇಷ್ಟ?" ಎಂದು ಹೊಸಬರನ್ನು ಕೇಳಿದರೆ ಉತ್ತರ ಸಿಗುವುದಿಲ್ಲ, ಅವರಿಗೇ ಗೊತ್ತಿರುವುದಿಲ್ಲ. ಎರಡು ಆಟ ಆಡಿಸಿ, ವಾರ ಬಿಟ್ಟು, "ಆವತ್ತಿನ ಆಟದಲ್ಲಿ ಏನು ನೆನಪಿದೆ?" ಎಂದು ಕೇಳಿ. "ಕೊನೆಯ ಸುತ್ತಿನಲ್ಲಿ ಎಡಕ್ಕೆ ಹೋಗಬೇಕಿತ್ತು" ಎಂದವರು ಗೆಲ್ಲಲು ಬಂದವರು. "ಆ ಕುಂಟ ಸಿಪಾಯಿ ಒಬ್ಬನೇ ಸೇತುವೆ ಹಿಡಿದನಲ್ಲ!" ಎಂದವರು ಕಥೆಯವರು. "ಆ ತುಕ್ಕಿನ ಬಣ್ಣ ಹೇಗೆ ತಂದಿರಿ?" ಎಂದವರ ಕೈಗೆ ಬ್ರಷ್ ಕೊಡಿ.

ಜನರನ್ನು ಎಲ್ಲಿಂದ ತರುವುದು? ಪೊನ್ನಂಪೇಟೆ, ಕುಶಾಲನಗರ, ಮಡಿಕೇರಿಯ ವೃತ್ತಿಪರ ಕಾಲೇಜುಗಳ ಹಾಸ್ಟೆಲುಗಳಲ್ಲಿ ಹೊರಜಿಲ್ಲೆಯ ಹುಡುಗ ಹುಡುಗಿಯರಿದ್ದಾರೆ, ಮಳೆಗಾಲದ ಭಾನುವಾರಗಳಲ್ಲಿ ಅವರಿಗೆ ಹೋಗಲು ಜಾಗವಿಲ್ಲ. ತೋಟದ ಮನೆಗಳಲ್ಲಿ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು ಈಚೆಗೆ ಹೆಚ್ಚಾಗಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ನಿವೃತ್ತ ಸೈನಿಕರಿಗೆ ಕೊರತೆಯಿಲ್ಲದ ಜಿಲ್ಲೆ ನಮ್ಮದು. ನಮ್ಮ ಬಳಗಕ್ಕೆ ಬಂದ ನಿವೃತ್ತ ಸುಬೇದಾರರೊಬ್ಬರು ಮೊದಲ ಮೂರು ವಾರ ಕೈಕಟ್ಟಿ ನೋಡಿದರು. ನಾಲ್ಕನೆಯ ವಾರ, "ಆ ದಿಬ್ಬದ ಮೇಲೆ ಮೆಷಿನ್‌ಗನ್ ಇಟ್ಟವನು ಯಾರು? ಆಕಾಶಕ್ಕೆ ಎದುರಾಗಿ ಎದ್ದು ಕಾಣುತ್ತಿದೆ" ಎಂದರು. ಅಲ್ಲಿಂದ ಅವರು ನಮ್ಮವರಾದರು.

ಎರಡನೆಯ ಹೆಜ್ಜೆ: ಚಿಕ್ಕ ಆಟ, ಅಗ್ಗದ ಆಟ

ದೊಡ್ಡ ಆಟದ ಪೂರ್ತಿ ಪಡೆ ಕಟ್ಟಲು ಹತ್ತಾರು ಸಾವಿರ ರೂಪಾಯಿ ಬೇಕು, ಸಾಲದ್ದಕ್ಕೆ ಆಮದಿನ ಸುಂಕ, ತಿಂಗಳುಗಟ್ಟಲೆ ಬಣ್ಣದ ಕೆಲಸ. ಹೊಸಬರನ್ನು ಅಲ್ಲಿಗೆ ತಳ್ಳಿದರೆ ಅವರು ದಡಕ್ಕೆ ಬರುವುದಿಲ್ಲ. ಹತ್ತು ಗೊಂಬೆಗಳೊಳಗೆ, ಒಂದೂವರೆ ಗಂಟೆಯೊಳಗೆ ಮುಗಿಯುವ ಆಟಗಳಿಂದ ಶುರು ಮಾಡಿ.

ನಾನು ಎಲ್ಲರಿಗೂ ಮೊದಲು ಆಡಿಸುವುದು ಗ್ಯಾಸ್‌ಲ್ಯಾಂಡ್ಸ್. 2017ರಲ್ಲಿ ಬಂದ ಈ ಆಟಕ್ಕೆ ಮಕ್ಕಳ ಲೋಹದ ಆಟಿಕೆ ಕಾರುಗಳೇ ಸಾಕು, ಅಂಗೈಯಲ್ಲಿ ಹಿಡಿಯುವ 1:64 ಅಳತೆಯವು. ಫ್ಯಾನ್ಸಿ ಅಂಗಡಿಯಲ್ಲಿ ಸಿಗುತ್ತವೆ. ಮನೆಯಲ್ಲಿ ಮಗುವಿದ್ದರೆ ಸೋಫಾದ ಕೆಳಗೂ ಸಿಗುತ್ತವೆ. ಮುರಿದ ಪೆನ್ನಿನ ರೀಫಿಲ್ ಕತ್ತರಿಸಿ ಅಂಟಿಸಿದರೆ ಮೆಷಿನ್‌ಗನ್. ಮಡಿಕೇರಿ ರಸ್ತೆಯ ತಿರುವುಗಳಲ್ಲಿ ಬಂಡಿ ಓಡಿಸಿದವರಿಗೆ ನಿಯಮವನ್ನು ವಿವರಿಸುವ ಅಗತ್ಯವೇ ಇಲ್ಲ: ವೇಗ ಹೆಚ್ಚಿದಷ್ಟೂ ತಿರುವಿನಲ್ಲಿ ಕೈ ತಪ್ಪುತ್ತದೆ.

ಎರಡನೆಯದು ಒನ್ ಪೇಜ್ ರೂಲ್ಸ್. ಮೂಲ ನಿಯಮಗಳು ಉಚಿತ, ಯಾವ ಕಂಪನಿಯ ಗೊಂಬೆಯಾದರೂ ನಡೆಯುತ್ತದೆ. ಗೆಲ್ಲುವವರಿಗೂ ಕಥೆಯವರಿಗೂ ನಡುವಿನ ದಾರಿ ಇದು. ಕಥೆಯವರಿಗೆಂದೇ ಫ್ರಾಸ್ಟ್‌ಗ್ರೇವ್ ಇದೆ, 2015ರದ್ದು: ಹಿಮದಡಿ ಹೂತುಹೋಗಿದ್ದ ನಗರದಲ್ಲಿ ಮಾಂತ್ರಿಕನೊಬ್ಬ ತನ್ನ ಶಿಷ್ಯ ಮತ್ತು ಎಂಟು ಆಳುಗಳೊಂದಿಗೆ ನಿಧಿ ಹುಡುಕುತ್ತಾನೆ, ಒಂದು ಆಟದಲ್ಲಿ ಆದ ಗಾಯ ಮುಂದಿನ ಆಟಕ್ಕೂ ಬರುತ್ತದೆ. ಸ್ಪರ್ಧೆಯವರಿಗೆ ಕಿಲ್ ಟೀಮ್. ಸುಮಾರು 22ಕ್ಕೆ 30 ಇಂಚಿನ ಹಲಗೆ ಸಾಕಾಗುವುದರಿಂದ ನಮ್ಮ ಬಾಗಿಲಿನ ಮೇಲೆ ಏಕಕಾಲಕ್ಕೆ ಎರಡು ಪಂದ್ಯ ನಡೆಯುತ್ತವೆ.

ಒಂದು ಗಟ್ಟಿ ಸಲಹೆ: ಬಳಗ ಕಟ್ಟುವವರ ಬಳಿ ಪೂರ್ತಿ ಸಿದ್ಧವಾದ ಎರಡು ಚಿಕ್ಕ ಪಡೆಗಳು ಇರಲೇಬೇಕು. ಹೊಸಬರು ಕೈಬೀಸಿಕೊಂಡು ಬಂದು ಕೂತು ಆಡುವಂತಿರಬೇಕು. "ಮೊದಲು ಪಡೆ ಕೊಂಡುಕೊಂಡು ಬನ್ನಿ" ಎಂದ ಬಳಗ ಬೆಳೆದದ್ದನ್ನು ನಾನು ಕಂಡಿಲ್ಲ.

ಮೂರನೆಯ ಹೆಜ್ಜೆ: ಜಾಗ ಮತ್ತು ಕೊನೆಯ ಬಸ್ಸು

ತೋಟದ ಮನೆ ಚಂದ, ಆದರೆ ಕಾರಿಲ್ಲದವರು ಬರಲಾರರು. ಬಸ್‌ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಜಾಗ ಹುಡುಕಿ: ಸಂಘ ಸಂಸ್ಥೆಗಳ ಚಿಕ್ಕ ಸಭಾಂಗಣ, ಮಧ್ಯಾಹ್ನ ಖಾಲಿಯಿರುವ ಹೋಟೆಲಿನ ಮೇಲ್ಮಹಡಿ, ಯಾರದಾದರೂ ಅಂಗಡಿಯ ಹಿಂದಿನ ಕೋಣೆ. ಆ ಊರಿನ ಸಂತೆಯ ದಿನ ಬೇಡ. ಕೊನೆಯ ಬಸ್ಸಿಗಿಂತ ಒಂದು ಗಂಟೆ ಮೊದಲು ಆಟ ಮುಗಿಯಬೇಕು ಎಂಬುದನ್ನು ನಿಯಮವಾಗಿಯೇ ಇಡಿ. ಹೆಣ್ಣುಮಕ್ಕಳು ಬರುವ ಬಳಗ ಬೇಕಾದರೆ ಈ ಒಂದು ನಿಯಮ ಯಾವ ಸ್ವಾಗತ ಭಾಷಣಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಬೆಳಕಿರುವ ಜಾಗ, ಚೊಕ್ಕಟವಾದ ಶೌಚಾಲಯ, ಕುಡಿತವಿಲ್ಲದ ಮೇಜು. ಕೊನೆಯದಕ್ಕೆ ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ವಿರೋಧ ಬರುತ್ತದೆ. ಬರಲಿ.

ನಾಲ್ಕನೆಯ ಹೆಜ್ಜೆ: ತೋಟದಿಂದ ರಣರಂಗ

ವಿದೇಶದವರು ಡಾಲರ್ ಕೊಟ್ಟು ಕೊಳ್ಳುವ ಸಾಮಾನು ನಮ್ಮ ಕಾಲಡಿ ಬಿದ್ದಿದೆ. ಫಸಲು ಮುಗಿದು ಕಾಫಿ ಗಿಡ ಸವರುವಾಗ ರಾಶಿ ಬೀಳುವ ರೆಂಬೆಗಳನ್ನು ನೋಡಿ. ಗೆಣ್ಣುಗೆಣ್ಣಾಗಿ, ತಿರುಚಿಕೊಂಡು, 28 ಮಿಲಿಮೀಟರ್ ಗೊಂಬೆಯ ಪಕ್ಕದಲ್ಲಿಟ್ಟರೆ ನೂರು ವರ್ಷದ ಮರದಂತೆ ಕಾಣುತ್ತವೆ. ಐದಾರು ಇಂಚಿಗೆ ಕತ್ತರಿಸಿ ವಾರ ಬಿಸಿಲಿಗೆ ಒಣಗಿಸಿ. ಅರೇಬಿಕಾ ಕಾಂಡವಾದರೆ ತೂತುಗಳಿವೆಯೇ ನೋಡಿ. ಬಿಳಿ ಕಾಂಡಕೊರಕ ಹುಳು ಒಳಗಿದ್ದರೆ ತಿಂಗಳ ನಂತರ ನಿಮ್ಮ ಕಾಡಿನ ಬುಡದಲ್ಲಿ ಮರದ ಹುಡಿ ಬಿದ್ದಿರುತ್ತದೆ. ನಾನು ಅಂಥ ಕೊಂಬೆಗಳನ್ನು ಒಲೆಗೇ ಹಾಕುತ್ತೇನೆ. ಒಣಗಿದ ರೆಂಬೆಯನ್ನು ಹಳೆಯ ಸಿ.ಡಿ.ಯ ಮೇಲೆ ಎಂ-ಸೀಲ್‌ನಿಂದ ನಿಲ್ಲಿಸಿ. ಬುಡಕ್ಕೆ ಫೆವಿಕಾಲ್ ಬಳಿದು ಜರಡಿ ಹಿಡಿದ ಮಣ್ಣು ಉದುರಿಸಿ. ಎಲೆಗೆ ಪಾತ್ರೆ ತಿಕ್ಕುವ ಹಸಿರು ನಾರನ್ನು ಚೂರುಚೂರಾಗಿ ಹರಿದು ಅಂಟಿಸಿ. ಒಂದು ಮಧ್ಯಾಹ್ನದಲ್ಲಿ ಹನ್ನೆರಡು ಮರ ಆಗುತ್ತವೆ.

ತೆಂಗಿನ ನಾರನ್ನು ಅರ್ಧ ಇಂಚು ಕತ್ತರಿಸಿ ಕಟ್ಟು ಕಟ್ಟಾಗಿ ನೆಟ್ಟರೆ ಒಣಹುಲ್ಲು. ಸಿಲ್ವರ್ ಓಕ್ ತೊಗಟೆಯ ಚೂರುಗಳನ್ನು ಒಂದರ ಮೇಲೊಂದು ಇಟ್ಟರೆ ಬಂಡೆ. ಗೋಣಿಚೀಲದ ನೂಲು ಬಿಡಿಸಿದರೆ ಮೀನಿನ ಬಲೆ, ಗಾಡಿಯ ಹೊದಿಕೆ. ಕಾಫಿ ಸೋಸಿ ಉಳಿದ ಚರಟ ಗೊಂಬೆಯ ಪೀಠಕ್ಕೆ ಒಳ್ಳೆಯ ಕರಿಮಣ್ಣಾಗುತ್ತದೆ, ಆದರೆ ಬಾಣಲೆಯಲ್ಲಿ ಹಾಕಿ ಚಟಪಟ ಎನ್ನುವವರೆಗೆ ಹುರಿಯದಿದ್ದರೆ ಜೂನ್ ಎರಡನೆಯ ವಾರಕ್ಕೆ ನಿಮ್ಮ ಪಡೆಯ ಕಾಲಿಗೆಲ್ಲ ಬೂಷ್ಟು ಹಿಡಿಯುತ್ತದೆ. ನನ್ನ ಇಪ್ಪತ್ತು ಸಿಪಾಯಿಗಳು ಹಾಗೆ ಬಿಳಿ ಬೂಟು ಹಾಕಿಕೊಂಡರು.

ಥರ್ಮೋಕೋಲ್ ಗುಡ್ಡಕ್ಕೆ ನೇರವಾಗಿ ಸ್ಪ್ರೇ ಬಣ್ಣ ಹೊಡೆಯಬೇಡಿ. ಸ್ಪ್ರೇಯೊಳಗಿನ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತದೆ. ನನ್ನ ಮೊದಲ ಗುಡ್ಡ ಕಣ್ಣೆದುರಿಗೇ ಕುಸಿದು ಹೊಂಡವಾಯಿತು. ಫೆವಿಕಾಲ್‌ಗೆ ಕಪ್ಪು ಪೋಸ್ಟರ್ ಬಣ್ಣ ಬೆರೆಸಿ ಎರಡು ಸಲ ಬ್ರಷ್‌ನಿಂದ ಬಳಿದು ಒಣಗಿಸಿದ ಮೇಲೆ ಬೇಕಾದ್ದು ಮಾಡಿ.

ಮೇಜನ್ನು ಜೋಡಿಸುವಾಗ ನೆನಪಿಡಬೇಕಾದ್ದು: ಒಂದು ತುದಿಯಿಂದ ಇನ್ನೊಂದು ತುದಿಗೆ ಅಡ್ಡಿಯಿಲ್ಲದೆ ಕಾಣುವ ಸಾಲು ಒಂದೋ ಎರಡೋ ಇರಲಿ, ಹೆಚ್ಚು ಬೇಡ. ಮರೆಯಿಲ್ಲದ ಮೇಜಿನ ಮೇಲೆ ದೂರದ ಬಂದೂಕಿನವನೇ ಪ್ರತಿ ಸಲ ಗೆಲ್ಲುತ್ತಾನೆ, ಉಳಿದವರು ಬೇಸತ್ತು ಎದ್ದು ಹೋಗುತ್ತಾರೆ.

ಐದನೆಯ ಹೆಜ್ಜೆ: ಮಳೆಗೆ ಮೊದಲು ಪ್ರೈಮರ್

ಪೇಂಟಿಂಗ್ ಕಲಿಸುವ ವಿಡಿಯೋಗಳಿಗೆ ನಮ್ಮ ಮಳೆಗಾಲ ಗೊತ್ತಿಲ್ಲ. ಪ್ರೈಮರ್ ಎಂದರೆ ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ತಳದ ಲೇಪ. ತೇವ ತುಂಬಿದ ಗಾಳಿಯಲ್ಲಿ ಸ್ಪ್ರೇ ಪ್ರೈಮರ್ ಹೊಡೆದರೆ ಗೊಂಬೆಯ ಮೇಲೆ ಪುಡಿಪುಡಿಯಾಗಿ ಬಿಳಿ ಮಂಜು ಕೂರುತ್ತದೆ, ಕಣ್ಣು ಮೂಗು ಮುಚ್ಚಿಹೋಗುತ್ತವೆ. ಆದ್ದರಿಂದ ನಮ್ಮ ಬಳಗದಲ್ಲಿ ಏಪ್ರಿಲ್‌ನಲ್ಲಿ ಒಂದು ದಿನ ಪ್ರೈಮರ್‌ಗೇ ಮೀಸಲು. ವರ್ಷಕ್ಕೆ ಬೇಕಾದ ಗೊಂಬೆಗಳನ್ನೆಲ್ಲ ಎಲ್ಲರೂ ತಂದು, ಹಳೆಯ ರೀಪರ್ ಪಟ್ಟಿಯ ಮೇಲೆ ಸಾಲಾಗಿ ಅಂಟಿಸಿ, ಬೆಳಿಗ್ಗೆ ಹತ್ತರ ನಂತರದ ಬಿಸಿಲಿನಲ್ಲಿ, ಬಯಲಿನಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಹೊಡೆದು ಮುಗಿಸುತ್ತೇವೆ. ತಪ್ಪಿಹೋದರೆ ಮಳೆಗಾಲದಲ್ಲಿ ಬ್ರಷ್‌ನಿಂದ ಹಚ್ಚುವ ಪ್ರೈಮರ್ ಮಾತ್ರ. ಬೇಗ ಒಣಗಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಬುದ್ಧಿವಂತಿಕೆ ಬೇಡ, ಪ್ಲಾಸ್ಟಿಕ್ ಕತ್ತಿ ಬಾಳೆನಾರಿನಂತೆ ಬಾಗುತ್ತದೆ.

ಹೊಸಬರಿಗೆ ಕಲಿಸಲು ಮೂರೇ ಕೆಲಸ ಸಾಕು: ಮೈಗೆ, ಬಟ್ಟೆಗೆ, ಲೋಹಕ್ಕೆ ಒಂದೊಂದು ಬಣ್ಣ, ಮೇಲೆ ನೀರಾದ ಕಂದು ವಾಶ್, ಅದು ತಾನೇ ಸಂದುಗಳಿಗೆ ಇಳಿದು ನೆರಳಾಗುತ್ತದೆ, ಕೊನೆಗೆ ಬಹುಪಾಲು ಒರೆಸಿ ಒಣಗಿಸಿದ ಬ್ರಷ್‌ನಿಂದ ಉಬ್ಬುಗಳ ಮೇಲೆ ತಿಳಿಬಣ್ಣ ಸವರುವುದು. ಬಣ್ಣವಿಲ್ಲದ ಗೊಂಬೆಗೆ ಮೇಜಿನಲ್ಲಿ ಜಾಗವಿಲ್ಲ ಎನ್ನುವ ಬಳಗಗಳಿವೆ. ಅಂಥ ನಿಯಮ ನನಗೆ ಹಿಡಿಸದು, ಎಂಟು ಜನರ ಬಳಗಕ್ಕಂತೂ ಅದು ಸೊಕ್ಕು. 3ಡಿ ಪ್ರಿಂಟರ್ ಇರುವ ಸದಸ್ಯರು ಸಿಕ್ಕರೆ ಅದೃಷ್ಟ. ರೆಸಿನ್ ಪ್ರಿಂಟರ್ ಆದರೆ ಕೈಗವಸು ಮತ್ತು ತೆರೆದ ಕಿಟಕಿ ಕಡ್ಡಾಯ, ಹಸಿ ರೆಸಿನ್ ಚರ್ಮಕ್ಕೆ ತಾಗಬಾರದು, ಮಲಗುವ ಕೋಣೆಯಲ್ಲಿ ಯಂತ್ರ ಇಡಬಾರದು.

ಆರನೆಯ ಹೆಜ್ಜೆ: ಆಟಕ್ಕೆ ಮೊದಲಿನ ಐದು ನಿಮಿಷ

ಇಡೀ ಲೇಖನದಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಇದನ್ನು ಉಳಿಸಿಕೊಳ್ಳುತ್ತೇನೆ. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ನಿಯಮದ ಜಗಳಗಳಲ್ಲ. ಒಬ್ಬ ಪಂದ್ಯಕ್ಕೆ ಬಂದಿರುತ್ತಾನೆ, ಎದುರಿನವ ಕಥೆಗೆ ಬಂದಿರುತ್ತಾನೆ, ಅದು ಇಬ್ಬರಿಗೂ ಗೊತ್ತಿರುವುದಿಲ್ಲ. ಈಗ ನಮ್ಮಲ್ಲಿ ಗೊಂಬೆ ಹೊರತೆಗೆಯುವ ಮೊದಲು ಮೂರು ಪ್ರಶ್ನೆ. ಇವತ್ತು ಯಾವ ಬಗೆಯ ಆಟ? ಎಷ್ಟು ಹೊತ್ತು? ಮರೆತ ನಡೆಯನ್ನು ಹಿಂದಕ್ಕೆ ಹೋಗಿ ಮಾಡಬಹುದೇ?

ಕಳೆದ ಮಳೆಗಾಲದಲ್ಲಿ ನಡೆದ ಮಾತು ಹೀಗಿತ್ತು. ಹುಡುಗಿ ಎಂಜಿನಿಯರಿಂಗ್ ಓದುತ್ತಿದ್ದಾಳೆ, ಎದುರಿಗೆ ನಮ್ಮ ಸುಬೇದಾರರು.

"ಸಾರ್, ನನ್ನ ಪಡೆ ಇನ್ನೂ ಅರ್ಧವೇ ಆಗಿದೆ. ಕಥೆಯ ಆಟ ಆಡೋಣವೇ?"

"ಕಥೆ ಎಂದರೆ ಏನಮ್ಮ?"

"ನನ್ನವರು ಸೇತುವೆ ಕಾಯುತ್ತಿದ್ದಾರೆ. ಆರನೆಯ ಸುತ್ತಿನ ಕೊನೆಗೆ ಒಬ್ಬನಾದರೂ ಸೇತುವೆಯ ಮೇಲೆ ನಿಂತಿದ್ದರೆ ನಾನು ಗೆದ್ದಂತೆ. ನಿಮಗೆ ನೂರು ಅಂಕದ ಪಡೆ, ನನಗೆ ಅರವತ್ತು."

"ಅರವತ್ತೇ? ಹಾಗಾದರೆ ಐದನೆಯ ಸುತ್ತಿಗೆ ಮುಗಿಸುತ್ತೇನೆ. ನಾಲ್ಕೂವರೆ ಬಸ್ಸಿಗೆ ನಾನು ಹೊರಡಬೇಕು. ಮರೆತ ನಡೆ?"

"ನಾನು ಹೊಸಬಳು. ನನಗೆ ಎರಡು ಸಲ ಕೊಡಿ, ಸಾರ್. ನಿಮಗೆ ಬೇಡ."

"ಫೌಜಿನಲ್ಲಿ ನಮಗೆ ಒಂದು ಸಲವೂ ಕೊಟ್ಟಿರಲಿಲ್ಲ. ಸರಿ, ಶುರು ಮಾಡು."

ಐದು ನಿಮಿಷವೂ ಆಗಲಿಲ್ಲ. ಆದರೆ ಅಲ್ಲಿ ನಡೆದದ್ದನ್ನು ಗಮನಿಸಿ. ಗೆಲ್ಲುವ ಹಟದ ಸುಬೇದಾರರಿಗೆ ಗೆಲ್ಲಲು ಒಂದು ಕಷ್ಟದ ಗುರಿ ಸಿಕ್ಕಿತು, ಹುಡುಗಿಗೆ ಸಾಯುತ್ತಲೇ ಗೆಲ್ಲುವ ಕಥೆ ಸಿಕ್ಕಿತು. ಇಬ್ಬರ ರುಚಿಯೂ ಒಂದೇ ಆಟದಲ್ಲಿ ತೀರಿತು. ಪಡೆಗಳು ಸಮ ಇರಲೇಬೇಕೆಂಬ ಹಟವನ್ನು ಬಿಡಲು ನಮಗೆ ಕಷ್ಟವಾಗಬಾರದು, ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹುಲಿಕುರಿ ಆಡಿದವರು ನಾವು. ಹುಲಿಗಳು ಬೆರಳೆಣಿಕೆ, ಕುರಿಗಳು ಹಿಂಡು. ಹುಲಿಗೆ ತಿನ್ನುವುದು ಗೆಲುವು, ಕುರಿಗೆ ಕಟ್ಟಿಹಾಕುವುದು ಗೆಲುವು. ಯಾರೂ ಅದನ್ನು ಅನ್ಯಾಯ ಎನ್ನಲಿಲ್ಲ.

ಬಲ ಹೆಚ್ಚುಕಡಿಮೆ ಮಾಡುವಾಗ ದಾಳದ ಲೆಕ್ಕ ತಿಳಿದಿರಲಿ. ಹತ್ತು ದಾಳ ಹಾಕಿ 4 ಅಥವಾ ಹೆಚ್ಚು ಬೇಕೆಂದರೆ ಸರಾಸರಿ ಐದು ತಗುಲುತ್ತವೆ. 5 ಅಥವಾ ಹೆಚ್ಚು ಬೇಕೆಂದರೆ ಮೂರು ಚಿಲ್ಲರೆ. ಅಂದರೆ ಒಂದೇ ಒಂದು ಅಂಕದ ರಿಯಾಯಿತಿ ಮೂರನೇ ಒಂದು ಪಾಲು ಏಟನ್ನು ತಪ್ಪಿಸುತ್ತದೆ. ಹೊಸಬರಿಗೆ ಹೆಚ್ಚು ಗೊಂಬೆ ಕೊಟ್ಟು ತಲೆ ಕೆಡಿಸುವ ಬದಲು ಅವರು ನಿಂತ ಜಾಗಕ್ಕೆ ಒಳ್ಳೆಯ ಮರೆ ಕೊಡಿ.

ಏಳನೆಯ ಹೆಜ್ಜೆ: ಕನ್ನಡದ ಚೀಟಿ

ನಮ್ಮ ಬಾಗಿಲಿನ ಸುತ್ತ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಎಲ್ಲವೂ ಓಡಾಡುತ್ತವೆ. ಎಲ್ಲರಿಗೂ ಸಲ್ಲುವುದು ಕನ್ನಡ. ನಿಯಮಪುಸ್ತಕ ಮಾತ್ರ ಇಂಗ್ಲಿಷಿನದು, ಅದೂ ವಕೀಲರು ಬರೆದಂಥ ಇಂಗ್ಲಿಷ್. ಆದ್ದರಿಂದ ಪ್ರತಿ ಆಟಕ್ಕೂ ಒಂದು ಪುಟದ ಚೀಟಿ ಬರೆದು ಲ್ಯಾಮಿನೇಟ್ ಮಾಡಿಸಿ. ಲ್ಯಾಮಿನೇಷನ್ ಶೋಕಿಗಲ್ಲ, ಬರೀ ಕಾಗದ ಆಗಸ್ಟ್ ಹೊತ್ತಿಗೆ ಹಪ್ಪಳದ ಹಿಟ್ಟಾಗಿರುತ್ತದೆ. ಶಬ್ದಗಳಿಗಾಗಿ ಪರದಾಡಬೇಡಿ: ಸರದಿ, ಸುತ್ತು, ಮರೆ, ನೋಟ, ಏಟು, ಧೈರ್ಯ. ನಮ್ಮ ಚೀಟಿಯ ಎರಡು ಸಾಲು ಹೀಗಿವೆ: "ಮರೆ: ಗೊಂಬೆಯ ಅರ್ಧ ಮೈ ಮುಚ್ಚಿದ್ದರೆ ಹೊಡೆಯುವವನಿಗೆ ದಾಳದಲ್ಲಿ ಒಂದು ಕಡಿತ. ಧೈರ್ಯ: ಗುಂಪಿನಲ್ಲಿ ಅರ್ಧ ಜನ ಬಿದ್ದಾಗ ಒಂದು ದಾಳ, 4 ಅಥವಾ ಹೆಚ್ಚು ಬಂದರೆ ನಿಲ್ಲುತ್ತಾರೆ, ಇಲ್ಲವಾದರೆ ಓಡುತ್ತಾರೆ."

ವಾದ ಎರಡು ನಿಮಿಷ ದಾಟಿದರೆ ದಾಳ ಹಾಕಿ ತೀರ್ಮಾನಿಸಿ, ಪುಸ್ತಕವನ್ನು ಆಟ ಮುಗಿದ ಮೇಲೆ ನೋಡಿ. ಇದನ್ನೂ ಚೀಟಿಯ ಮೇಲೆಯೇ ಬರೆಯಿರಿ.

ಇತಿಹಾಸದ ಆಟದ ಬಗ್ಗೆ ಒಂದು ಎಚ್ಚರಿಕೆ

ಇತಿಹಾಸದವರಿಗೆ ಕೊಡಗಿನಲ್ಲಿ ವಿಷಯಕ್ಕೆ ಬರವಿಲ್ಲ. ಮಡಿಕೇರಿಯಲ್ಲಿ ಹುಟ್ಟಿದ ಸೇನಾಧಿಕಾರಿ ತಿಮ್ಮಯ್ಯನವರ ನೇತೃತ್ವದಲ್ಲಿ 1948ರ ನವೆಂಬರ್ 1ರಂದು ಸ್ಟುವರ್ಟ್ ಟ್ಯಾಂಕುಗಳು ಕಾಶ್ಮೀರ ಯುದ್ಧದಲ್ಲಿ ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆದಾರಿಗೆ ನುಗ್ಗಿದವು. ಅಷ್ಟು ಎತ್ತರಕ್ಕೆ ಟ್ಯಾಂಕು ಬರಬಹುದೆಂದು ಎದುರಾಳಿ ಎಣಿಸಿರಲಿಲ್ಲ. ಈ ಅನಿರೀಕ್ಷಿತವನ್ನು ಮೇಜಿನ ಮೇಲೆ ತರಲು ಪ್ರಷ್ಯದವರ ಹಳೆಯ ಉಪಾಯವನ್ನೇ ಬಳಸಿ: ಒಬ್ಬರು ತೀರ್ಪುಗಾರರಾಗಲಿ, ಎರಡೂ ಕಡೆಯವರು ತಮ್ಮ ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ಅವರಿಗೆ ಕೊಡಲಿ, ಕಣ್ಣಿಗೆ ಬೀಳುವವರೆಗೆ ಟ್ಯಾಂಕು ಮೇಜಿಗೆ ಬರದಿರಲಿ. ನಮ್ಮಲ್ಲಿ ತೀರ್ಪುಗಾರರು ಯಾರೆಂದು ಹೇಳಬೇಕಿಲ್ಲ. ಆಡುವ ಮೊದಲು ಮಡಿಕೇರಿಯ ಸನ್ನಿಸೈಡ್‌ಗೆ, ಅಂದರೆ ಈಗ ಸಂಗ್ರಹಾಲಯವಾಗಿರುವ ತಿಮ್ಮಯ್ಯನವರ ಮನೆಗೆ, ಹೊಸಬರನ್ನು ಕರೆದೊಯ್ಯಿರಿ. ಎರಡನೆಯ ಮಹಾಯುದ್ಧಕ್ಕಾದರೆ ಬೋಲ್ಟ್ ಆ್ಯಕ್ಷನ್ ಇದೆ. ಯಾರ ಸರದಿ ಎಂಬುದನ್ನು ಚೀಲದಿಂದ ದಾಳ ಎತ್ತಿ ತಿಳಿಯುವ ಅದರ ಕ್ರಮ ಗೆಲ್ಲುವವರನ್ನೂ ಕಥೆಯವರನ್ನೂ ಒಟ್ಟಿಗೆ ಬೆವರಿಳಿಸುತ್ತದೆ.

ಎಚ್ಚರಿಕೆ ಏನೆಂದರೆ, ಟಿಪ್ಪು ಮತ್ತು ಕೊಡಗಿನ ಯುದ್ಧಗಳನ್ನು ಬಳಗದ ಮೊದಲ ವರ್ಷ ಮೇಜಿಗೆ ತರಬೇಡಿ. ವಿಷಯ ಆಡಬಾರದ್ದೆಂದಲ್ಲ. ಆದರೆ ಇಲ್ಲಿ ಅದು ಇನ್ನೂ ಇತಿಹಾಸವಾಗಿಲ್ಲ. ದಾಳ ಉರುಳುವ ಮೊದಲೇ ಮಾತು ಉರುಳುತ್ತದೆ. ಒಂದೇ ಮೇಜಿನಲ್ಲಿ ಎಲ್ಲ ಜಾತಿ ಮತದವರು ಕೂರಬೇಕಾದ ಬಳಗಕ್ಕೆ ಹಿಮದ ನಗರದ ಮಾಂತ್ರಿಕರೇ ವಾಸಿ.

ಎಂಟನೆಯ ಹೆಜ್ಜೆ: ವರ್ಷದ ಲೆಕ್ಕ

ಎರಡನೆಯ ವರ್ಷಕ್ಕೆ ಲೀಗ್ ಶುರು ಮಾಡಿ, ಆದರೆ ಅಂಕ ಕೊಡುವುದನ್ನು ಯೋಚಿಸಿ ಕೊಡಿ. ನಮ್ಮಲ್ಲಿ ಬಂದು ಆಡಿದ್ದಕ್ಕೆ ಎರಡು, ಗೆದ್ದಿದ್ದಕ್ಕೆ ಒಂದು, ಆ ತಿಂಗಳು ಹೊಸದಾಗಿ ಬಣ್ಣ ಹಚ್ಚಿದ್ದಕ್ಕೆ ಒಂದು, ಹೊಸಬರಿಗೆ ಆಡಿಸಿ ಕಲಿಸಿದ್ದಕ್ಕೆ ಎರಡು, ಮೇಜಿಗೆ ಹೊಸ ಗುಡ್ಡವೋ ಮನೆಯೋ ಮಾಡಿ ತಂದಿದ್ದಕ್ಕೆ ಒಂದು. ಗೆಲ್ಲುವ ಹಟದವರು ಈ ಪಟ್ಟಿ ನೋಡಿದ ಕೂಡಲೇ ಕಲಿಸಲು ಮುಗಿಬೀಳುತ್ತಾರೆ. ಅವರ ಹಟವನ್ನು ಬಳಗಕ್ಕೆ ದುಡಿಸಿಕೊಳ್ಳುವ ಉಪಾಯ ಇದು. ಮೊದಲ ಲೀಗಿನಲ್ಲಿ ಮೇಲೆ ಬಂದವರು ಎರಡೇ ಆಟ ಗೆದ್ದಿದ್ದರು.

ಆತಿಥ್ಯ ಒಬ್ಬರ ತಲೆಗೇ ಬೀಳಬಾರದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಇಷ್ಟು ವರ್ಷ ಬಾಳಲು ಒಂದು ಕಾರಣ ಕಣ್ಣೆದುರಿಗೇ ಇದೆ: ಒಂದೊಂದು ವರ್ಷ ಒಂದೊಂದು ಕುಟುಂಬ ಅದನ್ನು ಹೊರುತ್ತದೆ. ನಾವೂ ಹಾಗೆಯೇ ತಿಂಗಳಿಗೊಬ್ಬರು ಎಂದು ಹಂಚಿಕೊಂಡಿದ್ದೇವೆ. ಆ ತಿಂಗಳ ಆತಿಥೇಯರೇ ಆಟ ಆರಿಸುತ್ತಾರೆ, ಉಳಿದವರು ಗೊಣಗದೆ ಆಡುತ್ತಾರೆ. ಬಣ್ಣದವರ ತಿಂಗಳಲ್ಲಿ ದಾಳವೇ ಹೊರಬರುವುದಿಲ್ಲ, ಎಂಟೂ ಜನ ಬ್ರಷ್ ಹಿಡಿದು ಕೂರುತ್ತೇವೆ.

ತಿಂಗಳುಗಳನ್ನು ತೋಟದ ಪಂಚಾಂಗಕ್ಕೆ ಹೊಂದಿಸಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಕಣದಲ್ಲಿ ಕಾಫಿ ಹರಡಿರುವಾಗ ತೋಟದವರನ್ನು ಕರೆಯಬೇಡಿ. ಗಂಟೆಯ ಆಟಗಳು ಸಾಕು. ಏಪ್ರಿಲ್, ಮೇ ಮದುವೆಯ ಭಾನುವಾರಗಳು, ಆಗ ಪ್ರೈಮರ್ ಮತ್ತು ಗುಡ್ಡ ಕಟ್ಟುವ ಕೆಲಸ. ಜೂನ್‌ನಿಂದ ಆಗಸ್ಟ್ ನಮ್ಮ ನಿಜವಾದ ಸುಗ್ಗಿ, ಲೀಗು ಆಗಲೇ. ಆದರೆ ರೆಡ್ ಅಲರ್ಟ್ ಇದ್ದ ದಿನ ಆಟವಿಲ್ಲ, ಚರ್ಚೆಯೂ ಇಲ್ಲ. 2018ರ ಆಗಸ್ಟಿನ ಪ್ರವಾಹ, ಭೂಕುಸಿತ ಕಂಡವರಿಗೆ ಕಾರಣ ಹೇಳಬೇಕಿಲ್ಲ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಮನೆಯ ಕೋವಿ ಕತ್ತಿಗಳ ಜೊತೆ ಒಬ್ಬರು ತಮ್ಮ ಪ್ಲಾಸ್ಟಿಕ್ ಪಡೆಯನ್ನೂ ಇಟ್ಟು ತೋಕ್‌ಪೂವು ಎಂಬ ಹೂ ಮುಡಿಸಿದರು, ಹಿರಿಯರು ನಕ್ಕು ಬಿಟ್ಟುಬಿಟ್ಟರು. ದಸರಾ ವಾರ ಮಡಿಕೇರಿಯಲ್ಲಿ ಸ್ಕೂಟರ್ ನಿಲ್ಲಿಸಲೂ ಜಾಗ ಸಿಗುವುದಿಲ್ಲ, ಅಕ್ಟೋಬರ್ ಆಟವನ್ನು ಗೋಣಿಕೊಪ್ಪಕ್ಕೋ ಸೋಮವಾರಪೇಟೆಗೋ ಒಯ್ಯಿರಿ ಎನ್ನಲು ಹೊರಟಿದ್ದೆ. ಗೋಣಿಕೊಪ್ಪದಲ್ಲೂ ದಸರಾ ಜೋರು. ಸೋಮವಾರಪೇಟೆಯೇ ಇರಲಿ.

ಕೊನೆಗೆ ಪೆಟ್ಟಿಗೆ

ತಿಂಗಳಿಗೆ ತಲೆಗೆ ನೂರು ರೂಪಾಯಿ ಹಾಕಿ ಒಂದು ಸಾಮೂಹಿಕ ಪೆಟ್ಟಿಗೆ ಮಾಡಿ. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಾಗಲಿ, ರಟ್ಟಿನದು ಬೇಡ. ಒಳಗೆ ನಲವತ್ತು ದಾಳ, ಮೂರು ಟೇಪು, ಎರಡು ಸಿದ್ಧ ಪಡೆ, ಚೀಟಿಗಳು, ಫೆವಿಕ್ವಿಕ್, ತೇವ ಹೀರುವ ಸಿಲಿಕಾ ಪೊಟ್ಟಣ, ಎರಡು ಚಾರ್ಜರ್ ದೀಪ. ಸಿಲಿಕಾ ಪೊಟ್ಟಣಗಳನ್ನು ಹೊಸ ಚಪ್ಪಲಿ ಕೊಂಡವರಿಂದ ಬೇಡಿ ತನ್ನಿ. ಪೆಟ್ಟಿಗೆ ಆ ತಿಂಗಳ ಆತಿಥೇಯರ ಮನೆಯಲ್ಲಿರುತ್ತದೆ. ಮುಂದಿನವರಿಗೆ ಕೊಡುವಾಗ ಇಬ್ಬರೂ ಕೂತು ದಾಳ ಎಣಿಸುತ್ತಾರೆ. ನಮ್ಮ ಪೆಟ್ಟಿಗೆಯಲ್ಲಿ ಈಗ ಮೂವತ್ತೇಳು ಇವೆ. ಒಂದು ಬಾಗಿಲಿನ ಚಿಲಕದ ತೂತಿನೊಳಗೆ ಬಿದ್ದು ಸಿಕ್ಕಿಕೊಂಡಿರುವುದು ಎಲ್ಲರಿಗೂ ಗೊತ್ತು, ಅಲ್ಲಾಡಿಸಿದರೆ ಸದ್ದು ಬರುತ್ತದೆ. ಉಳಿದೆರಡನ್ನು ಯಾರೂ ಒಪ್ಪಿಕೊಂಡಿಲ್ಲ.